ಗಿಡ್ಡಮ್ಮ ತೊಳೆದ ಧೂಳು

ಕೂಡ್ಲಿಗಿಯಿಂದ ಗುಡೇಕೋಟೆ ಕಡೆಗೆ ಹೋಗುವ ಬಸ್ಸು ಕರಡಿಕುಂಟೆಯಲ್ಲಿ ನಿಂತರೆ ಮೊದಲು ಇಳಿಯುವುದು ಧೂಳು, ಆಮೇಲೆ ಜನ. ಆ ಊರಿನ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಕಸ ಗುಡಿಸುತ್ತಿದ್ದವಳು ಗಿಡ್ಡಮ್ಮ. ಹೆಸರಿಗೆ ಗಿಡ್ಡಮ್ಮ, ಆಳು ನೋಡಿದರೆ ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಗುಡಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಬಂದು ಕೂರುವ ಧೂಳಿನ ಮೇಲೆ ಅವಳಿಗೆ ಹಠವೂ ಇತ್ತು, ಒಂದು ಥರದ ಸಲಿಗೆಯೂ ಇತ್ತು.

ಬೇರೆಯವರಿಗೆ ಧೂಳೆಂದರೆ ಧೂಳು. ಗಿಡ್ಡಮ್ಮನಿಗೆ ಹಾಗಲ್ಲ. ಗುಡ್ಡದ ಕಡೆಯ ಕೆಂಪು ಧೂಳು ದಪ್ಪ, ಪೊರಕೆಗೆ ಬೇಗ ಸಿಗುತ್ತದೆ. ತಂಬ್ರಹಳ್ಳಿ ಕಡೆಯ ಎರೆ ಹೊಲದ ಧೂಳು ಬೂದು ಬಣ್ಣದ್ದು, ಒಂದು ಹನಿ ನೀರು ಬಿದ್ದರೆ ಬಂಡೆಗೆ ಅಂಟಿದ ಹಾಗೆ ಅಂಟುತ್ತದೆ. ಆಷಾಢದ ಗಾಳಿ ಮಳೆಯನ್ನೆಲ್ಲ ಪಡುವಣದ ಗುಡ್ಡಗಳಲ್ಲೇ ಸುರಿದು ಈ ಸೀಮೆಗೆ ಬರಿಗೈಲಿ ಬರುತ್ತದಲ್ಲ, ಅದು ತರುವ ಧೂಳು ಎಲ್ಲಕ್ಕಿಂತ ಸಣ್ಣದು. ಮುಚ್ಚಿದ ಬೀರುವಿನೊಳಗಿನ ಹಾಜರಿ ಪುಸ್ತಕದ ಹಾಳೆಗಳ ನಡುವೆಯೂ ಹೋಗಿ ಕೂರುತ್ತದೆ. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

ಶಾಲೆಗೆ ತಪಾಸಣೆಗೆ ಬಂದ ಸಾಹೇಬರು ಕಿಟಕಿಯ ಕಂಬಿಯ ಮೇಲೆ ಬೆರಳಾಡಿಸಿ ನೋಡಿದರೂ ಬೆರಳು ಹಸನಾಗಿಯೇ ಉಳಿಯುತ್ತಿತ್ತು. ಹೆಡ್‌ಮಾಸ್ತರು ಕೊಟ್ರಬಸಪ್ಪನವರು ಎಲ್ಲ ಕೋಣೆಗಳ ಬೀಗದ ಕೈ ಗೊಂಚಲನ್ನು ಅವಳಿಗೇ ಕೊಟ್ಟಿದ್ದರು. ಊರ ಹೊರಗಿನ ಕೇರಿಯವಳ ಸೊಂಟದಲ್ಲಿ ಹೈಸ್ಕೂಲಿನ ಬೀಗದ ಕೈ ನೇತಾಡುವುದು ಕೆಲವರ ಕಣ್ಣಿಗೆ ಕಸ ಬಿದ್ದ ಹಾಗಿತ್ತು. ಕುಡಿಯುವ ನೀರಿನ ಕೊಡವನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಮುಟ್ಟಬೇಡ ಎಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ಹೀಗಾಗಿ ಗಿಡ್ಡಮ್ಮನ ಕೈಯಲ್ಲಿದ್ದ ಆಸ್ತಿ ಒಂದೇ: ಅವಳ ಕೈ ನಂಬುವಂಥ ಕೈ ಎಂಬ ಹೆಸರು.

1997ರ ಮಾರ್ಚಿನಲ್ಲಿ ಒಂದು ದಿನ ಶಾಲೆಗೆ ಜೀಪು ಬಂತು. ಇಳಿದವನು ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ ಮುಖದ ವಿಜ್ಞಾನಿ, ಕ್ರಾಂತಿಕುಮಾರ್. ಹಗರಿಬೊಮ್ಮನಹಳ್ಳಿಯವನು, ದೂರದ ಊರಿನ ಸಂಶೋಧನಾ ಕೇಂದ್ರವೊಂದರಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ. ಜೀಪಿನಿಂದ ಒಂದು ದೊಡ್ಡ ಆಳದ ತಟ್ಟೆ ಇಳಿಸಿದ, ಆಮೇಲೆ ಒಂದು ಚೀಲ ಗೋಲಿ. ಆಡುವ ಗಾಜಿನ ಗೋಲಿಗಳೇ. ಮೇಷ್ಟ್ರುಗಳೆಲ್ಲ ಮುಸಿಮುಸಿ ನಕ್ಕರು. ಅವನು ಬೇಸರ ಮಾಡಿಕೊಳ್ಳದೆ ತಟ್ಟೆಯನ್ನು ಮಾಳಿಗೆಯ ಮೇಲೆ ಕಬ್ಬಿಣದ ಕಾಲಿನ ಮೇಲಿಟ್ಟು ಭದ್ರ ಮಾಡಿದ, ಅದರಲ್ಲಿ ಗೋಲಿಗಳನ್ನು ಎರಡು ಪದರಾಗಿ ಹರಡಿದ. ಇಂಥವೇ ತಟ್ಟೆಗಳನ್ನು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲೂ ಇಟ್ಟು ಬಂದಿದ್ದ. ಅದು ಯಾತಕ್ಕೆ, ಏನು ಎಂಬುದನ್ನು ಹೆಡ್‌ಮಾಸ್ತರಿಗೆ ಮುಕ್ಕಾಲು ಗಂಟೆ ವಿವರಿಸಿದ, ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಹೇಳಿದರೇ ವಿಷಯಕ್ಕೆ ತೂಕ ಬರುತ್ತದೆ ಎಂದು ನಮ್ಮವರಿಗೆ ಯಾರು ಹೇಳಿಕೊಟ್ಟರೋ. ಕೊಟ್ರಬಸಪ್ಪನವರು ಎಲ್ಲದಕ್ಕೂ ತಲೆಯಾಡಿಸಿದರು.

ಮಾಳಿಗೆಯ ಮೆಟ್ಟಿಲಿಗೆ ಹೊಸ ಬೀಗ ಬಿತ್ತು. ಅದರ ಕೈ ಯಾರ ಹತ್ತಿರ ಇರಬೇಕು ಎಂಬ ಮಾತು ಬಂದಾಗ ಗುಮಾಸ್ತ ವೀರಭದ್ರಯ್ಯ ಗಂಟಲು ಸರಿಮಾಡಿಕೊಂಡ.

"ಸರ, ಇದು ಯಂತ್ರದ ಕೆಲಸ. ತಿಳಿವಳಿಕಿ ಇದ್ದೋರ ಕೈಯಾಗ ಕೊಟ್ರ ಚಲೋ. ಕಸ ಹೊಡಿಯೋರಿಗೆ ಏನು ತಿಳೀತೈತಿ."

"ನೀನ ಇಟ್ಕಳಪ್ಪ ಹಂಗಾದ್ರ," ಎಂದರು ಕೊಟ್ರಬಸಪ್ಪನವರು. "ವಾರಕ್ಕೊಮ್ಮೆ ಹತ್ತಿ ನೋಡಬೇಕು."

ವೀರಭದ್ರಯ್ಯ ಇಪ್ಪತ್ತಾರು ಮೆಟ್ಟಿಲನ್ನು ನೋಡಿದ, ತನ್ನ ಮೊಣಕಾಲನ್ನು ನೋಡಿಕೊಂಡ. ಬೀಗದ ಕೈ ಗಿಡ್ಡಮ್ಮನ ಗೊಂಚಲಿಗೆ ಸೇರಿತು. ಆದರೆ ಆ ಮಾತು ಅವಳ ಕಿವಿಗೆ ಬಿದ್ದಿತ್ತು. ಬೀಳಲಿ ಎಂದೇ ಅವನು ಅಂದದ್ದು.

ಹೊರಡುವಾಗ ಕ್ರಾಂತಿಕುಮಾರ್ ಅವಳ ಹತ್ತಿರ ಬಂದ. ಅವಳು ಪಕ್ಕಕ್ಕೆ ಸರಿದು ನಿಂತಳು. ಅವನು "ದೊಡ್ಡವ್ವ, ನಾನೂ ನಮ್ಮೂರ ಕೇರಿಯವನ," ಎಂದ. ಗಿಡ್ಡಮ್ಮನಿಗೆ ಮೊದಲು ನಂಬಿಕೆ ಬರಲಿಲ್ಲ. ಹೆಡ್‌ಮಾಸ್ತರ ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಇಂಗ್ಲಿಷ್ ಆಡಿದವನು ನಮ್ಮವನು ಎಂದು ತಿಳಿದಾಗ ಅವಳ ಕಣ್ಣಲ್ಲಿ ನೀರೇ ಬಂತು. "ಇದನ್ನ ಯಾರೂ ಮುಟ್ಟದಂಗ ನೋಡ್ಕಳ್ರಿ. ನಿಮ್ಮ ಮ್ಯಾಲೆ ಬಿಟ್ಟೀನಿ," ಎಂದು ಅವನು ಜೀಪು ಹತ್ತಿದ. ತಟ್ಟೆ ಏನನ್ನು ಅಳೆಯುತ್ತದೆ ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅವಳ ಲೆಕ್ಕದಲ್ಲಿ ಅದು ಗಾಳಿಯ ಯಂತ್ರ; ಗೋಲಿಗಳು ಗಾಳಿಗೆ ಎಷ್ಟು ಹೊರಳುತ್ತವೆ ಎಂದು ನೋಡುತ್ತಾರೇನೋ ಅಂದುಕೊಂಡಳು.

ಅಂದಿನಿಂದ ಗಿಡ್ಡಮ್ಮ ಸೋಮವಾರಕ್ಕೊಮ್ಮೆ ಮಾಳಿಗೆ ಹತ್ತಿ, ತಟ್ಟೆಯಿಂದ ಎರಡು ಮಾರು ದೂರದಲ್ಲಿ ನಿಂತು, ಕಾಗೆ ಕೂತಿಲ್ಲ, ಕೋತಿ ಬಂದಿಲ್ಲ ಎಂದು ನೋಡಿ ಇಳಿಯುತ್ತಿದ್ದಳು. ಅವಳ ಗಂಡ ಗಾಳೆಪ್ಪ ಗಾರೆ ಕೆಲಸದವನು, ಮಾತಿನಲ್ಲಿ ಚಾಲಾಕು. "ಏನವಾ, ನಿನ್ನ ಗೋಲಿ ಸುಖದಿಂದ ಅದಾವೇನು," ಎಂದು ದಿನಾ ಕೇಳುತ್ತಿದ್ದ. "ನಿನಗಿಂತ ಚಲೋ ಅದಾವು, ಸುಮ್ಕ ಕುಂತಾವು," ಎನ್ನುತ್ತಿದ್ದಳು ಅವಳು.

ಮೇ ತಿಂಗಳ ನಡುವೆ ಒಂದು ದೊಡ್ಡ ಗಾಳಿ ಬಂತು. ಶಾಲೆಗೆ ರಜೆ. ಗಿಡ್ಡಮ್ಮ ಒಬ್ಬಳೇ ಬೆಂಚು ಒರೆಸುತ್ತಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಪೂರ್ತಿ ನಿಂತುಹೋಯಿತು, ಬೇವಿನ ಮರದ ಒಂದು ಎಲೆಯೂ ಅಲುಗಲಿಲ್ಲ. ಹೊರಗೆ ಬಂದು ನೋಡಿದರೆ ಪಡುವಣದಲ್ಲಿ ನೆಲದಿಂದ ಮುಗಿಲಿನವರೆಗೆ ಕೆಮ್ಮಣ್ಣಿನ ಗೋಡೆ ಎದ್ದಿತ್ತು, ಮತ್ತು ಆ ಗೋಡೆ ನಡೆದು ಬರುತ್ತಿತ್ತು. ಮೊದಲು ದಾರಿಯಾಚೆಯ ಗುಡ್ಡ ಮಾಯವಾಯಿತು, ಆಮೇಲೆ ಬಸ್ ನಿಲ್ದಾಣ, ಆಮೇಲೆ ಶಾಲೆಯ ಗೇಟು. ಅವಳು ಓಡಾಡಿ ಕಿಟಕಿ ಮುಚ್ಚಿದಳು. ಅರ್ಧ ಗಂಟೆ ಹಗಲೇ ಇರಲಿಲ್ಲ. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಬೋರ್ಡಿನ ಕೆಳಗೆ ಕುಕ್ಕರಗಾಲಲ್ಲಿ ಕೂತಳು. ಹಲ್ಲಿನ ನಡುವೆ ಮಣ್ಣು ಕರಕರ ಎನ್ನುತ್ತಿತ್ತು. ಕೊನೆಗೆ ಹತ್ತೋ ಹನ್ನೆರಡೋ ದಪ್ಪ ಹನಿ ಬಿದ್ದು ಎಲ್ಲ ಮುಗಿಯಿತು. ಮಾರನೆಯ ದಿನದಿಂದ ಮೂರು ದಿನ ಗುಡಿಸಿದಳು.

ಮಾಳಿಗೆಗೂ ಹೋಗಿ ನೋಡಿದಳು. ತಟ್ಟೆ ಕದಲಿರಲಿಲ್ಲ. ಆದರೆ ಗೋಲಿಗಳು ಕೆಂಪಗೆ, ಮುಖ ಕಾಣದಂತೆ ಮುಚ್ಚಿಹೋಗಿದ್ದವು. ಅವಳ ಕೈ ಸೆರಗಿನ ತುದಿಗೆ ಹೋಯಿತು, ಒರೆಸೋಣ ಅನ್ನಿಸಿತು. ಮುಟ್ಟಬಾರದು ಎಂದು ತನಗೆ ತಾನೇ ಗದರಿಕೊಂಡು ಇಳಿದಳು. ಆಷಾಢ, ಶ್ರಾವಣ ಕಳೆದವು. ನಡುವೆ ಬಿದ್ದ ಮಳೆಯ ನೀರು ತಟ್ಟೆಯಲ್ಲೇ ಆರಿತು, ಧೂಳು ಗೋಲಿಗಳ ಸಂದಿಗೆ ಇಳಿಯಿತು, ಅದರ ಮೇಲೆ ಇನ್ನಷ್ಟು ಧೂಳು ಕೂತಿತು. ಪ್ರತಿ ಸೋಮವಾರ ಅದನ್ನು ನೋಡಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಇಳಿಯುತ್ತಿದ್ದಳು. ಇಡೀ ಶಾಲೆಯಲ್ಲಿ ಹೊಲಸಾಗಿದ್ದ ವಸ್ತು ಅದೊಂದೇ, ಅದೂ ಅವಳ ಸುಪರ್ದಿಯದು, ಅದೂ ನಮ್ಮ ಹುಡುಗ ನಂಬಿ ಬಿಟ್ಟುಹೋದದ್ದು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಈ ಸೀಮೆಯಲ್ಲಿ ಅಂದು ತೊಳೆಸಿಕೊಳ್ಳದ ಯಂತ್ರವಿಲ್ಲ. ಬಸ್ಸಿಗೆ ಬಾಳೆಗೊನೆ, ಟ್ರ್ಯಾಕ್ಟರಿಗೆ ಚೆಂಡುಹೂವಿನ ಸರ, ಹಿಟ್ಟಿನ ಗಿರಣಿಗೆ ವಿಭೂತಿ, ದರ್ಜಿಯ ಮಷೀನಿಗೆ ಕುಂಕುಮ. ಶಾಲೆಯಲ್ಲೂ ಗಂಟೆ, ಹಾರ್ಮೋನಿಯಂ, ಲ್ಯಾಬಿನ ತಕ್ಕಡಿ, ವೀರಭದ್ರಯ್ಯನ ಟೈಪ್‌ರೈಟರು ಎಲ್ಲವನ್ನೂ ಗಿಡ್ಡಮ್ಮ ಬೆಳಗಿನಿಂದ ಒರೆಸಿ ಸಾಲಾಗಿ ಇಟ್ಟಳು. ಪೂಜೆಗೆ ಇನ್ನೂ ಹೊತ್ತಿತ್ತು. ಆಗ ಅವಳಿಗೆ ಮಾಳಿಗೆ ನೆನಪಾಯಿತು. ಎಲ್ಲ ಯಂತ್ರಗಳೂ ಮೈ ತೊಳೆದುಕೊಂಡು ಹೂ ಮುಡಿದು ಕೂತಿರುವಾಗ ಅದೊಂದು ಮೇಲೆ ಧೂಳು ಮೆತ್ತಿಕೊಂಡು ಒಂಟಿಯಾಗಿದೆ. ಮುಟ್ಟಬಾರದು ಎಂದದ್ದು ನಿಜ. ಆದರೆ ದೇವರನ್ನು ಯಾರೂ ಮುಟ್ಟಬಾರದು ಎನ್ನುವ ಪೂಜಾರಿಯೇ ಬೆಳಗಾದರೆ ದೇವರ ಮೈ ತೊಳೆಯುವುದಿಲ್ಲವೇ? ನೋಡಿಕೊಳ್ಳುವವಳು ತಾನು, ತೊಳೆಯುವುದು ತನ್ನ ಕೆಲಸ. ಹೀಗೆ ನ್ಯಾಯ ಮಾಡಿಕೊಂಡು ಗಿಡ್ಡಮ್ಮ ಎರಡು ಬಕೆಟ್ ನೀರು, ಹುಣಸೆಹಣ್ಣು, ಬೂದಿ ಹೊತ್ತು ಮೆಟ್ಟಿಲು ಹತ್ತಿದಳು.

ಒಂದೊಂದೇ ಗೋಲಿಯನ್ನು ಉಜ್ಜಿ ತೊಳೆದಳು. ತಟ್ಟೆಯನ್ನು ಮುಖ ಕಾಣುವ ಹಾಗೆ ಬೆಳಗಿದಳು. ಕೆಂಪು ನೀರು ಮಾಳಿಗೆಯ ಕೊಳವೆಯಲ್ಲಿ ಇಳಿದು ಅಂಗಳದ ಹೊಂಗೆ ಗಿಡದ ಬುಡಕ್ಕೆ ಹೋಯಿತು. ಗೋಲಿಗಳನ್ನು ಮತ್ತೆ ಎರಡು ಪದರಾಗಿ, ಅವನು ಇಟ್ಟ ಹಾಗೆಯೇ ಹರಡಿ, ಅಂಚಿಗೆ ಮೂರು ಬೆರಳು ವಿಭೂತಿ ಎಳೆದು, ಒಂದು ಚೆಂಡುಹೂವಿಟ್ಟು ಕೈ ಮುಗಿದಳು. ನಮ್ಮ ಹುಡುಗನಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡಳು. ಆ ದಿನ ಇಡೀ ಕರಡಿಕುಂಟೆಯಲ್ಲಿ ಅವಳಷ್ಟು ತೃಪ್ತಿಯಿಂದ ಊಟ ಮಾಡಿದವರು ಇರಲಿಕ್ಕಿಲ್ಲ.

ರಜೆ ಮುಗಿದು ಶಾಲೆ ತೆರೆದ ಮೊದಲ ದಿನವೇ ಕಾರ್ಡು ಬಂತು. ಕೊಟ್ರಬಸಪ್ಪನವರು ಅದನ್ನು ಮೇಷ್ಟ್ರುಗಳ ಕೋಣೆಯಲ್ಲಿ ಓದಿದರು. ಗಿಡ್ಡಮ್ಮ ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಹಡಗಲಿಯ ತಟ್ಟೆ ಗಾಳಿಗೆ ಉರುಳಿತಂತೆ, ಕೊಟ್ಟೂರಿನ ಗೋಲಿಗಳನ್ನು ಯಾರೋ ಆಡಲು ಒಯ್ದರಂತೆ. ಮೇ ತಿಂಗಳ ದೊಡ್ಡ ಗಾಳಿ ಹಾದುಹೋದ ದಾರಿಯಲ್ಲಿ ಉಳಿದಿರುವುದು ಕರಡಿಕುಂಟೆಯ ತಟ್ಟೆ ಒಂದೇ. 'ಅದರಲ್ಲಿ ಬಿದ್ದಿರುವ ಧೂಳಿನ ಮೇಲೆ ನನ್ನ ಎರಡು ವರ್ಷದ ಕೆಲಸ ನಿಂತಿದೆ. ಹತ್ತು ದಿನದಲ್ಲಿ ಬರುತ್ತೇನೆ, ದಯವಿಟ್ಟು ಜೋಪಾನ.'

"ಧೂಳಿಗೆ ಬರ್ತಾನಂತೇನ್ರಿ ಅವ?" ಎಂದು ಗಿಡ್ಡಮ್ಮ ಕೇಳಿದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ.

"ಮತ್ತೇನು. ವರ್ಷಕ್ಕ ಎಷ್ಟು ಮಣ್ಣು ಗಾಳಿಯಾಗ ಹಾರಿ ಬಂದು ಬೀಳ್ತೈತಿ ಅಂತ ತೂಗಿ ನೋಡ್ತಾನ. ಗೋಲಿ ಇಟ್ಟಿದ್ದು ಬಿದ್ದ ಧೂಳು ಮತ್ತ ಹಾರಬಾರ್ದು ಅಂತ," ಎಂದರು ಹೆಡ್‌ಮಾಸ್ತರು.

ವೀರಭದ್ರಯ್ಯ ಟೈಪ್‌ರೈಟರಿನಿಂದ ಕಣ್ಣೆತ್ತದೆ, "ಬೀಗದ ಕೈ ಆಕಿ ಹತ್ರಾನ ಐತಲ್ರಿ, ಜ್ವಾಪಾನ ಇರ್ತೈತಿ ಬಿಡ್ರಿ," ಎಂದ.

ಅಲ್ಲೇ ಹೇಳಿಬಿಡಬಹುದಾಗಿತ್ತು. ಬಾಯಿ ತೆರೆದರೆ ಆಗಿಹೋಗುತ್ತಿತ್ತು. ಆದರೆ ವೀರಭದ್ರಯ್ಯನ ಆ ಮಾತಿನ ಎದುರು ಗಿಡ್ಡಮ್ಮನ ನಾಲಗೆ ಏಳಲಿಲ್ಲ. ತಿಳಿವಳಿಕೆ ಇಲ್ಲದವರ ಕೈಗೆ ಕೊಟ್ಟರೆ ಹೀಗೇ ಎಂದು ಅವನು ನಾಳೆ ಊರಿಡೀ ಹೇಳುತ್ತಾನೆ. ಅವಳೊಬ್ಬಳನ್ನಲ್ಲ, ಕೇರಿಯನ್ನೇ ಸೇರಿಸಿ ಹೇಳುತ್ತಾನೆ, ಆ ಹುಡುಗನನ್ನೂ ಸೇರಿಸಿ ಹೇಳುತ್ತಾನೆ. ಅವಳು ತಲೆ ತಗ್ಗಿಸಿ ಗುಡಿಸಿದ ಕೋಣೆಯನ್ನೇ ಮತ್ತೊಮ್ಮೆ ಗುಡಿಸಿದಳು.

ಸಂಜೆ ಗಾಳೆಪ್ಪನಿಗೆ ಹೇಳಿದಳು. ಅವನು ಮೊದಲು ನಕ್ಕ, ಆಮೇಲೆ ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ.

"ಧೂಳು ತಾನ? ನಮ್ಮೂರಾಗ ಧೂಳಿಗೆ ಬರ ಐತೇನು. ಒಂದು ಮೊರ ತುಂಬಿ ಹಾಕು, ಯಾರು ಕೇಳ್ತಾರ."

ಅವನು ಚೇಷ್ಟೆಗೆ ಹೇಳಿದ್ದು. ಆದರೆ ಅವಳು ಅದನ್ನೇ ಹಿಡಿದಳು. ಆ ಮೇ ತಿಂಗಳ ಧೂಳು ಇನ್ನೂ ಎಲ್ಲಿ ಉಳಿದಿದೆ ಎಂಬುದು ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಬೀರುಗಳ ನೆತ್ತಿಯ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ಪೊರಕೆ ಎಟುಕದ ಕಡೆಗಳಲ್ಲಿ ಅದು ಹಾಗೇ ಇತ್ತು. ಮೂರು ಸಂಜೆ ಶಾಲೆ ಬಿಟ್ಟ ಮೇಲೆ ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿ, ಒಣ ಬಟ್ಟೆಯಿಂದ ಅದನ್ನು ಒಟ್ಟುಗೂಡಿಸಿದಳು. ಹಳೆಯ ಸೀರೆಯ ತುಂಡಿನಲ್ಲಿ ಜರಡಿ ಹಿಡಿದಳು. ಸೀಮೆಸುಣ್ಣದ ಪುಡಿ ಬೆರೆತದ್ದನ್ನು ಬೇರೆ ಮಾಡಿ ಚೆಲ್ಲಿದಳು. ಮೋಸವನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡುವವಳು ಅವಳು.

ಎಷ್ಟು ಹಾಕಬೇಕು? ಅದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ತೊಳೆದು ಚೆಲ್ಲಿದ್ದು ಎಷ್ಟೆಂದು ಅಳೆದವರು ಯಾರು. ತಪ್ಪು ಮಾಡಿದವರ ಕೈ ಯಾವತ್ತೂ ಧಾರಾಳ. ಕಡಿಮೆ ಬಿದ್ದರೆ ಹುಡುಗನಿಗೆ ನಷ್ಟ ಎಂದು ಒಂದು ಬೊಗಸೆ ಹಾಕಿದಳು, ಸಾಲದು ಅನ್ನಿಸಿ ಇನ್ನೊಂದು ಹಾಕಿದಳು, ಅಳೆದು ಕೊಡುವಾಗ ಸೇರಿನ ತಲೆ ತುಂಬಿ ಕೊಡಬೇಕು ಎಂದು ಮತ್ತೂ ಒಂದು ಹಿಡಿ ಹಾಕಿ ಗೋಲಿಗಳ ಮೇಲೆ ಉದುರಿಸಿದಳು. ಅಂಚಿನ ವಿಭೂತಿ ಒರೆಸಿ, ಬಾಡಿದ ಹೂ ತೆಗೆದು, ನೀರು ಚಿಮುಕಿಸಿ ಆರಲು ಬಿಟ್ಟಳು. ಎರಡು ದಿನದಲ್ಲಿ ಅದು ಮೊದಲಿನ ಹಾಗೆಯೇ ಕಾಣಿಸಿತು. ಇಳಿದು ಬರುವಾಗ ಮೆಟ್ಟಿಲಲ್ಲಿ ಕೂತು ಅತ್ತಳು.

ಕ್ರಾಂತಿಕುಮಾರ್ ಬಂದ. ತಟ್ಟೆ ನೋಡಿದವನೇ ನೆಲದ ಮೇಲೆ ಮಂಡಿಯೂರಿದ. "ಇಷ್ಟು ಬಿದ್ದೈತಾ," ಎಂದು ಮತ್ತೆ ಮತ್ತೆ ಅಂದ. ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿನಲ್ಲಿ ಗೋಲಿಗಳನ್ನು ಜಾಲಿಸಿ, ಕೆಂಪು ನೀರನ್ನು ಬಾಟಲಿಗಳಿಗೆ ತುಂಬಿ, ಒಂದು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಆ ಮುಖ ನೋಡುತ್ತ ಗಿಡ್ಡಮ್ಮ ಮೂರು ಸಲ ಬಾಯಿ ತೆರೆದಳು, ಮೂರು ಸಲವೂ "ನೀರು ಬೇಕೇನು ತಮ್ಮಾ" ಎಂದು ಮುಚ್ಚಿದಳು.

ಮಧ್ಯಾಹ್ನ ಅವನು ಅವಳ ಮನೆಗೇ ಬಂದು ರೊಟ್ಟಿ, ಶೇಂಗಾ ಚಟ್ನಿ ಉಂಡ. ಉಣ್ಣುತ್ತ ತನ್ನ ತಾಯಿಯ ಸುದ್ದಿ ಹೇಳಿದ. ಅವಳು ಹಗರಿಬೊಮ್ಮನಹಳ್ಳಿಯ ಸಂತೆ ಮೈದಾನದಲ್ಲಿ ಕಸ ಗುಡಿಸುತ್ತಿದ್ದಳು. "ಸಾಲ್ಯಾಗ ನಮಗ ತಕ್ಕಡಿ ಮುಟ್ಟಾಕ ಬಿಡ್ತಿದ್ದಿಲ್ಲ ದೊಡ್ಡವ್ವ. ನಿನಗ ತಿಳೆಂಗಿಲ್ಲ, ಕೆಡಸ್ತಿ ಅಂತಿದ್ರು. ಈಗ ನೋಡು, ಧೂಳಿನ ಕಣ ತೂಗೋ ತಕ್ಕಡಿ ನನ್ನ ಕೈಯಾಗ ಐತಿ." ಗಿಡ್ಡಮ್ಮ ಇನ್ನೊಂದು ರೊಟ್ಟಿ ಹಾಕಲು ಎದ್ದು, ಒಲೆಯ ಕಡೆ ಮುಖ ತಿರುಗಿಸಿದಳು. ನಾಚಿಕೆ ಎಂಬುದಕ್ಕೆ ಇಷ್ಟು ಭಾರ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಸುದ್ದಿ ಬಂತು. ಕರಡಿಕುಂಟೆಯಲ್ಲಿ ಬಿದ್ದ ಧೂಳು ಹರಪನಹಳ್ಳಿಯದರ ಮೂರು ಪಟ್ಟು. ಕ್ರಾಂತಿಕುಮಾರ್ ಅದನ್ನು ದೊಡ್ಡ ಸಭೆಯಲ್ಲಿ ಓದಿದನಂತೆ, ಅವನ ಗುರುಗಳು ಎಲ್ಲರ ಮುಂದೆ ಬೆನ್ನು ತಟ್ಟಿದರಂತೆ. ಕೊಟ್ರಬಸಪ್ಪನವರಿಗೆ ತಮ್ಮ ಊರು ಯಾವುದರಲ್ಲೋ ಒಂದರಲ್ಲಿ ಮೊದಲು ಬಂದದ್ದೇ ಸಂಭ್ರಮ. ಗೋಡೆಯ ಮೇಲೆ ನಕ್ಷೆ ಬರೆಸಿದರು, ಅದರಲ್ಲಿ ಕರಡಿಕುಂಟೆಗೆ ಎಲ್ಲಕ್ಕಿಂತ ದೊಡ್ಡ ಕೆಂಪು ಬೊಟ್ಟು. ಗಿಡ್ಡಮ್ಮ ಆ ಗೋಡೆಯ ಹತ್ತಿರ ಗುಡಿಸುವಾಗ ಬೆನ್ನು ಮಾಡಿಕೊಂಡು ಗುಡಿಸುತ್ತಿದ್ದಳು. ಗಾಳೆಪ್ಪ ಗೋಲಿಗಳ ಸುದ್ದಿ ಎತ್ತುವುದನ್ನು ಬಿಟ್ಟಿದ್ದ. "ನಾ ಅಂದಿದ್ದ ತಪ್ಪಾತು," ಎಂದು ಒಮ್ಮೆ ಅಂದ. "ನೀ ಅಂದಿ, ಮಾಡಿದಾಕಿ ನಾನು," ಎಂದಳು ಅವಳು.

ಜನವರಿ ಇಪ್ಪತ್ತಾರರ ಸಭೆಯಲ್ಲಿ ಗಿಡ್ಡಮ್ಮನಿಗೆ ಸನ್ಮಾನ ಎಂದು ಗೊತ್ತಾಯಿತು. ಕ್ರಾಂತಿಕುಮಾರನೇ ಒತ್ತಾಯ ಮಾಡಿದ್ದು. ಬೇಡವೆಂದು ಅವಳು ಎರಡು ದಿನ ಹೆಡ್‌ಮಾಸ್ತರ ಬೆನ್ನು ಬಿದ್ದಳು. ಅವರು ಅದನ್ನು ಸಂಕೋಚ ಎಂದುಕೊಂಡರು. ಧ್ವಜ ಏರಿಸಿದ ಮೇಲೆ ಅವಳನ್ನು ವೇದಿಕೆಗೆ ಕರೆದರು, ಕುರ್ಚಿಯ ಮೇಲೆ ಕೂರಿಸಿದರು. ಕೇರಿಯ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಬಂದು ಮುಂದೆ ಕೂತಿದ್ದರು. ಕೊಟ್ರಬಸಪ್ಪನವರು ಶಾಲು ಹೊದಿಸಿದರು, ಎರಡು ಮಾತಾಡು ಎಂದು ಮೈಕು ಮುಂದೆ ಹಿಡಿದರು.

ಗಿಡ್ಡಮ್ಮ ಎದ್ದು ನಿಂತಳು. ಮೈಕಿಗೆ ಬಾಗಬೇಕಾಯಿತು.

"ಆ ಧೂಳು ಮ್ಯಾಲಿಂದ ಬಿದ್ದಿದ್ದಲ್ರಿ," ಎಂದಳು. "ನಾನ ಹಾಕಿದ್ದು."

ಇಡೀ ಅಂಗಳ ನಕ್ಕಿತು. ಕೊಟ್ರಬಸಪ್ಪನವರು ಹೊಟ್ಟೆ ಹಿಡಿದುಕೊಂಡು, "ಹದಿನೆಂಟು ವರ್ಷ ಧೂಳು ತಗದಾಕಿ, ಈಗ ಹಾಕೀನಿ ಅಂತಾಳ ನೋಡ್ರಿ," ಎಂದರು. ಕ್ರಾಂತಿಕುಮಾರನೂ ಚಪ್ಪಾಳೆ ತಟ್ಟಿ ನಕ್ಕ. ಅವರು ನಕ್ಕಾಗ ಗಿಡ್ಡಮ್ಮನಿಗೆ ಆದದ್ದು ದುಃಖವಲ್ಲ, ನಿರಾಳ. ಹೇಳಿದೆನಲ್ಲ, ನಂಬದಿದ್ದರೆ ನನ್ನ ತಪ್ಪೇನು, ಎಂದು ಮನಸ್ಸು ಒಳಗೇ ಹಗುರಾಯಿತು. ಕುರ್ಚಿಗೆ ಬಂದು ಕೂತ ಮೇಲೆ ಆ ಹಗುರವೇ ಅವಳನ್ನು ತಿನ್ನತೊಡಗಿತು. ತೊಳೆದದ್ದಕ್ಕೂ ತುಂಬಿದ್ದಕ್ಕೂ ಆಗದಷ್ಟು ನಾಚಿಕೆ ಆ ಒಂದು ನಿರಾಳಕ್ಕೆ ಆಯಿತು.

ಸಭೆ ಮುಗಿದು ಕ್ರಾಂತಿಕುಮಾರ್ ಊಟಕ್ಕೆ ಬಂದಾಗ ಅವಳು ಶಾಲನ್ನು ಮಡಿಸಿ ಅವನ ಮುಂದಿಟ್ಟಳು. ಗಾಳೆಪ್ಪ ಬಾಗಿಲಲ್ಲಿ ಕೂತಿದ್ದ. ತಾಟು ಇಟ್ಟಳು, ಬಡಿಸಲಿಲ್ಲ.

"ಮೊದಲು ನನ್ನ ಮಾತು ಕೇಳು ತಮ್ಮಾ. ಆಮ್ಯಾಲೆ ಉಣ್ಣೋದು ಬಿಡೋದು ನಿನಗ ಬಿಟ್ಟದ್ದು. ನಾ ಚಾಷ್ಟಿ ಮಾಡಿಲ್ಲ ಅಲ್ಲಿ."

ಎಲ್ಲವನ್ನೂ ಹೇಳಿದಳು. ಆಯುಧಪೂಜೆ, ಹುಣಸೆಹಣ್ಣು, ಕಾರ್ಡು, ಬೀರುವಿನ ನೆತ್ತಿ, ಜರಡಿ, ಎರಡು ಬೊಗಸೆ ಮತ್ತು ಒಂದು ಹಿಡಿ. ಅವನ ಮುಖದ ಬಣ್ಣ ಇಳಿಯುತ್ತ ಹೋಯಿತು. ಮುಗಿದ ಮೇಲೆ ಖಾಲಿ ತಾಟನ್ನು ಬೆರಳಿಂದ ಅತ್ತಿತ್ತ ಸರಿಸಿದ.

"ಓದಿ ಬಂದೀನಲ್ಲ ದೊಡ್ಡವ್ವ," ಎಂದ. "ಅಷ್ಟು ಜನದ ಮುಂದ ಓದಿ ಬಂದೀನಿ."

"ಗೊತ್ತೈತಿ."

"ಇದನ್ನ ಯಾರಿಗೂ ಹೇಳಲಿಲ್ಲ ಅಂದ್ರ ಯಾರಿಗೂ ತಿಳೆಂಗಿಲ್ಲ," ಎಂದು ಗಾಳೆಪ್ಪ ಬಾಗಿಲಿನಿಂದ ಮೆಲ್ಲಗೆ ಅಂದ.

ಕ್ರಾಂತಿಕುಮಾರ್ ಅವನ ಕಡೆ ನೋಡಿದ. ಆ ಮಾತು ಅವನ ಮನಸ್ಸಿನಲ್ಲೂ ಬಂದುಹೋಗಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ತಲೆ ತಗ್ಗಿಸಿದ. "ನಾನು ಹೆಡ್‌ಮಾಸ್ತರಿಗೆ ಮುಕ್ಕಾಲು ತಾಸು ಹೇಳಿದ್ನಿ," ಎಂದ. "ನಿಮಗ ಒಂದು ಮಾತು ಹೇಳಲಿಲ್ಲ. ನೋಡ್ಕಳ್ಳೋರು ನೀವು, ಹೇಳಿದ್ದು ಅವರಿಗೆ. ನಿಮಗ ಹೇಳಿ ಏನು ತಿಳೀತೈತಿ ಅಂತ ನನಗೂ ಅನಿಸಿತ್ತೇನೋ. ಆ ತಕ್ಕಡಿ ಮುಟ್ಟಾಕ ಬಿಡದ ಮಾಸ್ತರಂಗ."

ಜೀಪಿನಿಂದ ತನ್ನ ಚೀಲ ತರಿಸಿ, ಅಲ್ಲೇ ನೆಲದ ಮೇಲೆ ಕೂತು ಗುರುಗಳಿಗೆ ಕಾಗದ ಬರೆದ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ. ಕರಡಿಕುಂಟೆಯ ಲೆಕ್ಕವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತಟ್ಟೆ ನೋಡಿಕೊಳ್ಳುತ್ತಿದ್ದವರು ತಿಳಿವಳಿಕೆ ಇಲ್ಲದ ಹೆಣ್ಣುಮಗಳು, ಅದರ ಉದ್ದೇಶ ಗೊತ್ತಿಲ್ಲದೆ ಮಾಡಿದ ತಪ್ಪು ಇದು, ಅವರಿಗೆ ಹೇಳದೆ ಇದ್ದ ಹೊಣೆ ನನ್ನದು.

ಗಿಡ್ಡಮ್ಮ ಗೋಡೆಗೆ ಒರಗಿ ಕೇಳುತ್ತಿದ್ದಳು. ಅವನು ತನ್ನನ್ನು ಉಳಿಸುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅದನ್ನ ಹೊಡದು ಹಾಕು ತಮ್ಮಾ," ಎಂದಳು.

"ಯಾವುದು?"

"ಗೊತ್ತಿಲ್ಲದ ಮಾಡ್ಯಾಳ ಅಂತ ಬರದಿಯಲ್ಲ, ಅದು. ತೊಳಿಯಾಗ ಗೊತ್ತಿದ್ದಿಲ್ಲ, ಖರೆ. ತುಂಬುವಾಗ ಗೊತ್ತಿತ್ತು. ಕಾರ್ಡು ಓದಿದ್ದು ಕೇಳೀನಿ, ಧೂಳು ಯಾಕ ಬೇಕು ಅಂತ ಕೇಳೀನಿ, ಕೇಳಿ ತುಂಬೀನಿ. ತಿಳಿವಳಿಕಿ ಇಲ್ಲದಾಕಿ ಅಂತ ನೀ ಬರದ್ರ ವೀರಭದ್ರಯ್ಯ ಅಂದಿದ್ದ ಖರೆ ಆಗ್ತೈತಿ. ಸುಳ್ಳು ಮಾಡ್ಯಾಳ ಅಂತ ಬರಿ. ದಡ್ಡಿ ಅಂತ ಬರೀಬ್ಯಾಡ."

ಅವನು ಆ ಸಾಲಿನ ಮೇಲೆ ಗೀಟು ಎಳೆದು ಕೆಳಗೆ ಬೇರೆ ಬರೆದ. ಹೆಸರು ಹಾಕಲೇ ಎಂದು ಕೇಳಿದ. "ಹಾಕು. ಗಿಡ್ಡಮ್ಮ, ಗಂಡ ಗಾಳೆಪ್ಪ, ಕರಡಿಕುಂಟೆ," ಎಂದಳು. ಅವನು ಕಾಗದ ಚಾಚಿದಾಗ ಹಾಜರಿ ಪುಸ್ತಕದಲ್ಲಿ ಹಾಕುವ ಹಾಗೆಯೇ ನಿಧಾನವಾಗಿ, ಒಂದೊಂದೇ ಅಕ್ಷರ ತಿದ್ದಿ ಸಹಿ ಮಾಡಿದಳು.

"ಈಗ ಓದು," ಎಂದಳು.

ಅವನು ಓದಿದ. ಗಿಡ್ಡಮ್ಮ ಎಂಬುವರು ಮೊದಲು ತಿಳಿಯದೆ ಧೂಳನ್ನು ತೊಳೆದರು, ಆಮೇಲೆ ತಿಳಿದೂ ತಿಳಿದೂ ಬೇರೆ ಧೂಳನ್ನು ತುಂಬಿದರು, ಇದನ್ನು ಅವರೇ ಹೇಳಿದರು. ಅವನ ಬಾಯಲ್ಲಿ ತನ್ನ ಹೆಸರು ಬಂದ ಕೂಡಲೇ ಅವಳು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಗಾಳೆಪ್ಪ ಬಾಗಿಲಾಚೆ ನೋಡುತ್ತಿದ್ದ. ಸೆರಗಿನೊಳಗಿಂದಲೇ ಅವಳು, "ಇನ್ನೊಮ್ಮೆ ಓದು ತಮ್ಮಾ, ಪೂರಾ ಕೇಳಿಸಲಿಲ್ಲ," ಎಂದಳು. ಕೇಳಿಸಿತ್ತು ಎಂದು ಮೂವರಿಗೂ ಗೊತ್ತಿತ್ತು. ಅವನು ಮೊದಲಿನಿಂದ ಮತ್ತೆ ಓದಿದ. ಈ ಸಲ ಅವಳು ಸೆರಗು ತೆಗೆದು, ಅವನ ಮುಖವನ್ನೇ ನೋಡುತ್ತ ಕೊನೆಯವರೆಗೂ ಕೇಳಿ, ಆಮೇಲೆ ರೊಟ್ಟಿ ಬಡಿಸಲು ಎದ್ದಳು.